ಒಂದೇ ಗೊಂಚಲು, ಮೂರು ಉಪಕೀಲಿ: ಇ-ಮೇಲ್ ಭದ್ರತೆಗೂ ಮಂಡ್ಯದ ಸರ್ವರ್ ಲಾಗಿನ್‌ಗೂ ಜಿಪಿಜಿ ಹೊಂದಿಸಿದ ದಾಖಲೆ

ಮಂಡ್ಯದಲ್ಲಿ ನನ್ನ ಅಣ್ಣ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ನಡೆಸುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲಿ ಉಬುಂಟು ಸರ್ವರ್ 22.04 ಹಾಕಿದ ಹಳೆಯ ಡೆಸ್ಕ್‌ಟಾಪ್ ಒಂದು ಯುಪಿಎಸ್ ಆಸರೆಯಲ್ಲಿ ಹಗಲಿರುಳು ಓಡುತ್ತಿರುತ್ತದೆ. ಕಬ್ಬಿನ ಬಿಲ್ಲು ಕೈಸೇರಿದ ಮೇಲೆ ತೀರಿಸುತ್ತೇವೆಂದು ಹೇಳಿ ಗೊಬ್ಬರ ಒಯ್ದ ರೈತರ ಹೆಸರು, ಊರು, ಬಾಕಿ ಮೊತ್ತ ಎಲ್ಲವೂ ಅದರಲ್ಲಿವೆ. ನಾನು ಇರುವುದು ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ. ಆ ಯಂತ್ರವನ್ನು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಭದ್ರವಾಗಿ ಲಾಗಿನ್ ಆಗುವ ವ್ಯವಸ್ಥೆ) ಮೂಲಕ ಇಲ್ಲಿಂದಲೇ ನೋಡಿಕೊಳ್ಳುತ್ತೇನೆ ಮತ್ತು ತಿಂಗಳ ಕೊನೆಯಲ್ಲಿ ಉದ್ರಿ ಲೆಕ್ಕದ ಕಡತವನ್ನು ಮೈಸೂರಿನ ಲೆಕ್ಕಪರಿಶೋಧಕರಿಗೆ ಇ-ಮೇಲ್‌ನಲ್ಲಿ ಕಳುಹಿಸುತ್ತೇನೆ. ಇತ್ತೀಚಿನವರೆಗೂ ಲಾಗಿನ್ ನಡೆಯುತ್ತಿದ್ದುದು ಪಾಸ್‌ವರ್ಡ್‌ನಿಂದ, ಕಡತ ಹೋಗುತ್ತಿದ್ದುದು ಯಾವ ಮರೆಯೂ ಇಲ್ಲದೆ.

ಅಂಗಡಿಯ ಬ್ರಾಡ್‌ಬ್ಯಾಂಡ್‌ಗೆ ಸ್ಥಿರ ಐಪಿ ವಿಳಾಸ ಪಡೆದ ಒಂದು ವಾರದ ನಂತರ ಲಾಗಿನ್ ಪ್ರಯತ್ನಗಳು ದಾಖಲಾಗುವ, ಸರ್ವರ್‌ನ ಆತ್.ಲಾಗ್ ಕಡತವನ್ನು ತೆರೆದು ನೋಡಿದೆ. ರೂಟ್, ಅಡ್ಮಿನ್, ಟೆಸ್ಟ್ ಎಂಬ ಹೆಸರುಗಳಲ್ಲಿ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು ಪುಟದ ಮೇಲೆ ಪುಟ ತುಂಬಿದ್ದವು. ಅಂತರ್ಜಾಲಕ್ಕೆ ತೆರೆದಿಟ್ಟ ಯಾವ ಎಸ್‌ಎಸ್‌ಎಚ್ ಬಾಗಿಲಿಗೂ ಇದು ತಪ್ಪಿದ್ದಲ್ಲ ಎಂದು ತಿಳಿದಿದ್ದರೂ, ಬೇರೆಯವರ ಸಾಲದ ಲೆಕ್ಕ ಆ ಬಾಗಿಲಿನ ಹಿಂದಿದೆ ಎಂದಾಗ ಸುಮ್ಮನಿರುವುದು ಸರಿಯೆನಿಸಲಿಲ್ಲ. ಪತ್ರಕ್ಕೊಂದು, ಲಾಗಿನ್‌ಗೊಂದು ಎಂದು ಎರಡು ಕಡೆ ಎರಡು ಬಗೆಯ ಕೀಲಿಗಳನ್ನೂ ಎರಡು ಪಾಸ್‌ಫ್ರೇಸ್‌ಗಳನ್ನೂ (ಕೀಲಿಯನ್ನು ತೆರೆಯುವ ಉದ್ದನೆಯ ಪಾಸ್‌ವರ್ಡ್) ಕಾಪಾಡುವ ಬದಲು, ಒಂದೇ ಓಪನ್‌ಪಿಜಿಪಿ ಕೀಲಿಯಿಂದ ಎರಡನ್ನೂ ನಡೆಸಲು ನಿರ್ಧರಿಸಿದೆ. ಓಪನ್‌ಪಿಜಿಪಿ ಎಂಬುದು ಪತ್ರ, ಕಡತಗಳ ಗೂಢಲಿಪಿ ಮತ್ತು ಸಹಿಗೆ ಇರುವ ಮಾನದಂಡ; ಅದನ್ನು ನಡೆಸುವ ತಂತ್ರಾಂಶ ಗ್ನೂಪಿಜಿ, ಅದರ ಆದೇಶದ ಹೆಸರು ಜಿಪಿಜಿ. ಇಂಥ ಪ್ರತಿ ಕೀಲಿಗೂ ಎರಡು ಭಾಗ: ಬೇರೆಯವರಿಗೆ ಕೊಡುವ ಸಾರ್ವಜನಿಕ ಭಾಗ, ತನ್ನಲ್ಲೇ ಇಟ್ಟುಕೊಳ್ಳುವ ಖಾಸಗಿ ಭಾಗ. ಆ ಕೆಲಸದ ದಾಖಲೆ ಇದು. ಆದೇಶಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ; ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು.

ನಿಜವಾಗಿ ಒಂದೇ ಕೀಲಿಯೇ?

ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಒಂದೇ ಕೀಲಿಯನ್ನು ಪತ್ರ ಬಿಚ್ಚುವುದಕ್ಕೂ ಲಾಗಿನ್‌ಗೂ ಬಳಸುವುದು ಸಾಧ್ಯವಿದೆ. ಆದರೆ ಅದನ್ನು ಮಾಡಬಾರದು. ಆರ್‌ಎಸ್‌ಎಯ ಮೂಲ ಗಣಿತದಲ್ಲಿ ಸಹಿ ಹಾಕುವ ಕ್ರಿಯೆ ಮತ್ತು ಗೂಢಲಿಪಿಯನ್ನು ಬಿಚ್ಚುವ ಕ್ರಿಯೆ ಎರಡೂ ಒಂದೇ ಲೆಕ್ಕ. ಕೀಲಿಯಿಂದ ಲಾಗಿನ್ ಆಗುವುದೆಂದರೆ ಖಾಸಗಿ ಕೀಲಿಯಿಂದ ಸಹಿ ಹಾಕಿ ತೋರಿಸುವುದು. ಆದ್ದರಿಂದ ಲಾಗಿನ್ ಪರೀಕ್ಷೆಯ ನೆಪದಲ್ಲಿ ಯಾರಾದರೂ ಕದ್ದ ಪತ್ರವನ್ನೇ ಮುಂದಿಟ್ಟು ಸಹಿ ಕೇಳಿದರೆ, ಸಹಿ ಹಾಕಿದವನು ತಿಳಿಯದೆಯೇ ಪತ್ರವನ್ನು ಬಿಚ್ಚಿಕೊಟ್ಟಂತಾಗುತ್ತದೆ. ಇಂದಿನ ಎಸ್‌ಎಸ್‌ಎಚ್‌ನಲ್ಲಿ ಸಹಿಯಾಗುವುದು ಆ ಸಂಪರ್ಕದ ಗುರುತನ್ನೂ ಒಳಗೊಂಡ ದತ್ತಾಂಶವಾದ್ದರಿಂದ ಮತ್ತು ಸಹಿಗೆ ಮೊದಲು ಗೊತ್ತಾದ ಮಾದರಿಯ ತುಂಬುವಿಕೆ (ಪ್ಯಾಡಿಂಗ್) ಇರುವುದರಿಂದ ಈ ದಾಳಿ ನೇರವಾಗಿ ನಡೆಯುವುದಿಲ್ಲ. ಹಾಗಿದ್ದರೂ ಒಂದು ಕೀಲಿಗೆ ಒಂದೇ ಕೆಲಸ ಎಂಬ ನಿಯಮ ಉಳಿದುಕೊಂಡಿರುವುದಕ್ಕೆ ಗಣಿತಕ್ಕಿಂತ ದಿನಬಳಕೆಯ ಕಾರಣವೇ ನನಗೆ ದೊಡ್ಡದಾಗಿ ಕಂಡಿತು. ಐದು ವರ್ಷದ ಹಿಂದಿನ ಪತ್ರವನ್ನು ಓದಬೇಕಾದರೆ ಐದು ವರ್ಷದ ಹಿಂದಿನ ಗೂಢಲಿಪಿ ಕೀಲಿ ಬೇಕೇ ಬೇಕು, ಆದ್ದರಿಂದ ಅದನ್ನು ಎರಡು ಮೂರು ಕಡೆ ಪ್ರತಿ ಮಾಡಿ ಕಾಪಾಡಬೇಕು. ಲಾಗಿನ್ ಕೀಲಿಯ ಸ್ವಭಾವ ಇದಕ್ಕೆ ತೀರ ವಿರುದ್ಧವಾದದ್ದು: ಅನುಮಾನ ಬಂದ ಕ್ಷಣವೇ ಅದನ್ನು ಎಸೆದು ಹೊಸದನ್ನು ಮಾಡಿಕೊಂಡರೆ ಯಾವ ನಷ್ಟವೂ ಇಲ್ಲ. ಜೋಪಾನ ಮಾಡಬೇಕಾದದ್ದನ್ನೂ ಎಸೆಯಬೇಕಾದದ್ದನ್ನೂ ಒಂದೇ ವಸ್ತುವಾಗಿಸಿದರೆ ಎರಡು ಕೆಲಸವೂ ಕೆಡುತ್ತದೆ.

ಓಪನ್‌ಪಿಜಿಪಿಯ ರಚನೆ ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ನಾವು 'ಕೀಲಿ' ಎನ್ನುವುದು ವಾಸ್ತವವಾಗಿ ಒಂದು ಬೀಗದ ಕೈ ಗೊಂಚಲು. ಮೂಲ ಕೀಲಿಯೊಂದು ಬಳೆಯಂತೆ ನಡುವೆ ಇದ್ದು, ಉಪಕೀಲಿಗಳು ಅದಕ್ಕೆ ಪೋಣಿಸಿಕೊಂಡಿರುತ್ತವೆ. ಪ್ರತಿಯೊಂದಕ್ಕೂ ಅದರ ಕೆಲಸದ ಗುರುತಿನ ಅಕ್ಷರವಿದೆ: ಉಳಿದವನ್ನು ಪ್ರಮಾಣೀಕರಿಸುವುದಕ್ಕೆ 'ಸಿ', ಪತ್ರಕ್ಕೆ ಸಹಿ ಹಾಕುವುದಕ್ಕೆ 'ಎಸ್', ಗೂಢಲಿಪಿಗೆ 'ಇ', ಲಾಗಿನ್‌ನಂಥ ದೃಢೀಕರಣಕ್ಕೆ 'ಎ'. ಮೂಲ ಕೀಲಿಗೆ 'ಸಿ' ಮಾತ್ರ ಕೊಟ್ಟು, ಉಳಿದ ಮೂರನ್ನು ಮೂರು ಉಪಕೀಲಿಗಳಿಗೆ ಹಂಚುವುದೆಂದು ಗೊತ್ತುಮಾಡಿಕೊಂಡೆ.

ಕೀಲಿಗಳ ತಯಾರಿ

ನನ್ನ ಲ್ಯಾಪ್‌ಟಾಪ್‌ನಲ್ಲಿದ್ದದ್ದು ಗ್ನೂಪಿಜಿ 2.2 ಸರಣಿಯ ಆವೃತ್ತಿ. 'ಜಿಪಿಜಿ --ಕ್ವಿಕ್-ಜನರೇಟ್-ಕೀ' ಆದೇಶಕ್ಕೆ ನನ್ನ ಹೆಸರು, ಇ-ಮೇಲ್ ವಿಳಾಸ ಕೊಟ್ಟು, 'ಇಡಿ25519 ಸರ್ಟ್ ನೆವರ್' ಎಂದು ಸೇರಿಸಿದಾಗ ಅವಧಿ ಮುಗಿಯದ ಮೂಲ ಕೀಲಿ ಸಿದ್ಧವಾಯಿತು. ಆಮೇಲೆ 'ಜಿಪಿಜಿ --ಕ್ವಿಕ್-ಆಡ್-ಕೀ' ಆದೇಶವನ್ನು ಮೂಲ ಕೀಲಿಯ ಬೆರಳಚ್ಚಿನೊಂದಿಗೆ (ಕೀಲಿಯಿಂದ ಲೆಕ್ಕಹಾಕಿದ ಗುರುತಿನ ಸಂಕೇತ) ಮೂರು ಬಾರಿ ನಡೆಸಿದೆ: ಸಹಿಗೆ 'ಇಡಿ25519 ಸೈನ್ 1ವೈ', ಗೂಢಲಿಪಿಗೆ 'ಸಿವಿ25519 ಎನ್‌ಕ್ರಿಪ್ಟ್ 1ವೈ', ಲಾಗಿನ್‌ಗೆ 'ಇಡಿ25519 ಆತ್ 1ವೈ'. ಇಡಿ25519 ಸಹಿಗಷ್ಟೇ ಬರುವ ವಿಧಾನವಾದ್ದರಿಂದ ಗೂಢಲಿಪಿಗೆ ಸಿವಿ25519 ಬೇಕಾಗುತ್ತದೆ. ಅಂದರೆ ಈ ಬಗೆಯ ಕೀಲಿಗಳನ್ನು ಆರಿಸಿಕೊಂಡವರಿಗೆ ಕೆಲಸ ಬೇರ್ಪಡಿಸುವುದು ಅನಿವಾರ್ಯವೇ ಆಗಿಬಿಡುತ್ತದೆ. ಮೂರಕ್ಕೂ ಒಂದು ವರ್ಷದ ಅವಧಿ ಕೊಟ್ಟೆ.

ಮೂಲ ಕೀಲಿಯ ಖಾಸಗಿ ಭಾಗ ಲ್ಯಾಪ್‌ಟಾಪ್‌ನಲ್ಲಿ ಇರಕೂಡದು. ಎಲ್ಲವನ್ನೂ ಎರಡು ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿ, ಎರಡರಿಂದಲೂ ಒಂದೊಂದು ಬಾರಿ ಖಾಲಿ ಫೋಲ್ಡರ್‌ಗೆ ಆಮದು ಮಾಡಿ ಪರೀಕ್ಷಿಸಿದ ಮೇಲೆಯೇ ಲ್ಯಾಪ್‌ಟಾಪ್‌ನಿಂದ ಮೂಲ ಕೀಲಿಯ ಆ ಒಂದು ಕಡತವನ್ನು ತೆಗೆದುಹಾಕಿದೆ. ಖಾಸಗಿ ಕೀಲಿಗಳ ಪಟ್ಟಿ ಕೇಳಿದಾಗ 'ಸೆಕ್' ಎಂಬ ಪದದ ಪಕ್ಕದಲ್ಲಿ ಹ್ಯಾಷ್ ಗುರುತು (#) ಕಾಣಿಸಿತು. ಮೂಲ ಕೀಲಿ ಇಲ್ಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕೀಲಿ ಮಾಡಿದಾಗಲೇ ಗ್ನೂಪಿಜಿ ತಾನಾಗಿ ಬರೆದಿಟ್ಟಿದ್ದ ರದ್ದತಿ ಪ್ರಮಾಣಪತ್ರವನ್ನು ಕಾಗದದ ಮೇಲೆ ಮುದ್ರಿಸಿ, ಒಂದು ಪೆನ್‌ಡ್ರೈವ್ ಜೊತೆಗೆ ಮಂಡ್ಯದ ಮನೆಯ ಬೀರುವಿನಲ್ಲಿ ಅತ್ತಿಗೆಯ ಕೈಯಲ್ಲಿ ಇಡಿಸಿದ್ದೇನೆ.

ಲಾಗಿನ್‌ಗೆ ಹೊಂದಿಸುವಾಗ ಕಳೆದ ಒಂದು ಸಂಜೆ

ಎಸ್‌ಎಸ್‌ಎಚ್‌ಗೆ ಓಪನ್‌ಪಿಜಿಪಿ ಅರ್ಥವಾಗುವುದಿಲ್ಲ. ಎರಡಕ್ಕೂ ನಡುವೆ ನಿಲ್ಲುವುದು ಜಿಪಿಜಿ-ಏಜೆಂಟ್: ಖಾಸಗಿ ಕೀಲಿಯನ್ನು ತಾನೇ ಇಟ್ಟುಕೊಂಡು, ಎಸ್‌ಎಸ್‌ಎಚ್ ಸಹಿ ಕೇಳಿದಾಗ ಎಸ್‌ಎಸ್‌ಎಚ್‌ನ ಕೀಲಿಗಳನ್ನು ನೋಡಿಕೊಳ್ಳುವ ಎಸ್‌ಎಸ್‌ಎಚ್-ಏಜೆಂಟ್‌ನ ಭಾಷೆಯಲ್ಲೇ ಉತ್ತರ ಕೊಡುತ್ತದೆ. ಜಿಪಿಜಿ-ಏಜೆಂಟ್.ಕಾನ್ಫ್ ಕಡತದಲ್ಲಿ 'ಎನೇಬಲ್-ಎಸ್‌ಎಸ್‌ಎಚ್-ಸಪೋರ್ಟ್' ಎಂಬ ಸಾಲು ಸೇರಿಸಿ, ಏಜೆಂಟ್ ಎಲ್ಲಿದೆ ಎಂದು ಎಸ್‌ಎಸ್‌ಎಚ್‌ಗೆ ಹೇಳುವ ಎಸ್‌ಎಸ್‌ಎಚ್_ಆತ್_ಸಾಕ್ ಎಂಬ ಚಲಕವು 'ಜಿಪಿಜಿಕಾನ್ಫ್ --ಲಿಸ್ಟ್-ಡಿರ್ಸ್ ಏಜೆಂಟ್-ಎಸ್‌ಎಸ್‌ಎಚ್-ಸಾಕೆಟ್' ತೋರಿಸುವ ಜಾಗವನ್ನೇ ಸೂಚಿಸುವಂತೆ ಟರ್ಮಿನಲ್ ತೆರೆದಾಗ ಓದಲಾಗುವ ಬ್ಯಾಷ್‌ಆರ್‌ಸಿ ಕಡತದಲ್ಲಿ ಬರೆದೆ. ಕೊನೆಯದಾಗಿ ಎಸ್‌ಎಸ್‌ಎಚ್‌ಕಂಟ್ರೋಲ್ ಎಂಬ ಕಡತದಲ್ಲಿ ಲಾಗಿನ್ ಉಪಕೀಲಿಯನ್ನು ನಮೂದಿಸಿ, ಏಜೆಂಟ್‌ನಲ್ಲಿರುವ ಕೀಲಿಗಳ ಪಟ್ಟಿ ಕೇಳುವ 'ಎಸ್‌ಎಸ್‌ಎಚ್-ಆಡ್ -ಎಲ್' ಕೊಟ್ಟೆ. ಏಜೆಂಟ್‌ನಲ್ಲಿ ಯಾವ ಗುರುತೂ ಇಲ್ಲ ಎಂಬ ಉತ್ತರ ಬಂತು.

ಮೊದಲು ಅನುಮಾನಿಸಿದ್ದು ಗ್ನೋಮ್ ಡೆಸ್ಕ್‌ಟಾಪ್‌ನ ಪಾಸ್‌ವರ್ಡ್ ಸಂಗ್ರಹವಾದ ಕೀರಿಂಗ್ ಅನ್ನು, ಏಕೆಂದರೆ ಅದೂ ತನ್ನದೇ ಎಸ್‌ಎಸ್‌ಎಚ್ ಏಜೆಂಟ್ ನಡೆಸುತ್ತಿತ್ತು ಮತ್ತು ಅದೇ ಚಲಕವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿತ್ತು. ಚಲಕವನ್ನು ಮುದ್ರಿಸಿ ನೋಡಿದರೆ ಅದು ಸರಿಯಾಗಿ ಜಿಪಿಜಿಯ ಸಾಕೆಟ್‌ನ ಕಡೆಗೇ ಇತ್ತು. ಏಜೆಂಟ್ ನಿಲ್ಲಿಸಿ ಮತ್ತೆ ಆರಂಭಿಸಿದೆ, ಲಾಗ್‌ಔಟ್ ಆಗಿ ಬಂದೆ, ಉತ್ತರ ಬದಲಾಗಲಿಲ್ಲ. ಕತ್ತಲಾದ ಮೇಲೆ ಎಸ್‌ಎಸ್‌ಎಚ್‌ಕಂಟ್ರೋಲ್ ಕಡತದ ಆ ಒಂದೇ ಸಾಲನ್ನು ಕೀಲಿಪಟ್ಟಿಯ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಹೋಲಿಸಿದಾಗ ತಪ್ಪು ಸಿಕ್ಕಿತು. ಅಲ್ಲಿ ಬರೆಯಬೇಕಾದದ್ದು ಉಪಕೀಲಿಯ ಕೀಗ್ರಿಪ್. ನಾನು ಬರೆದಿದ್ದು ಅದರ ಬೆರಳಚ್ಚು. ಎರಡೂ 40 ಹೆಕ್ಸ್ ಅಕ್ಷರಗಳೇ (0ಯಿಂದ 9, 'ಎ'ಯಿಂದ 'ಎಫ್') ಆಗಿರುವುದರಿಂದ ಕಣ್ಣಿಗೆ ಒಂದರಂತೆಯೇ ಇನ್ನೊಂದು ಕಾಣುತ್ತದೆ, ಮತ್ತು ಹೊಂದುವ ಕಡತ ಸಿಗದಿದ್ದರೆ ಏಜೆಂಟ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಬೆರಳಚ್ಚು ಓಪನ್‌ಪಿಜಿಪಿ ಕೊಟ್ಟ ಹೆಸರು, ಅದರ ಲೆಕ್ಕದಲ್ಲಿ ಕೀಲಿ ಹುಟ್ಟಿದ ಸಮಯವೂ ಸೇರಿದೆ. ಕೀಗ್ರಿಪ್ ಬರಿಯ ಗಣಿತದ ಭಾಗಕ್ಕೆ ಏಜೆಂಟ್ ಇಟ್ಟುಕೊಂಡ ಹೆಸರು. 'ಜಿಪಿಜಿ -ಕೆ --ವಿತ್-ಕೀಗ್ರಿಪ್' ಕೊಟ್ಟು, 'ಎ' ಗುರುತಿನ ಉಪಕೀಲಿಯ ಕೆಳಗಿನ ಸಾಲನ್ನು ತೆಗೆದು ಅಂಟಿಸಿದ ಕೂಡಲೇ 'ಎಸ್‌ಎಸ್‌ಎಚ್-ಆಡ್ -ಎಲ್' ಕೀಲಿಯನ್ನು ತೋರಿಸಿತು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬರುವ ಮುಖ್ಯ ತೊಡಕಿಗೂ ಇದೇ ಬೇರು.

ಸರ್ವರ್‌ಗೆ ಕೊಡಬೇಕಾದ ಸಾಲು 'ಜಿಪಿಜಿ --ಎಕ್ಸ್‌ಪೋರ್ಟ್-ಎಸ್‌ಎಸ್‌ಎಚ್-ಕೀ' ಆದೇಶದಿಂದ ಸಿಗುತ್ತದೆ. ಇಡಿ25519 ಆದ್ದರಿಂದ ಸಾರ್ವಜನಿಕ ಕೀಲಿಯ ಭಾಗ ಕೇವಲ 68 ಅಕ್ಷರ. ಅದನ್ನು ಹಳೆಯ ಪಾಸ್‌ವರ್ಡ್ ಲಾಗಿನ್ ಮೂಲಕವೇ ಸರ್ವರ್‌ನ ಆಥರೈಸ್ಡ್_ಕೀಸ್ (ಪ್ರವೇಶವಿರುವ ಕೀಲಿಗಳ ಪಟ್ಟಿ) ಕಡತಕ್ಕೆ ಸೇರಿಸಿ, ನನ್ನ ಖಾತೆ ಮಾತ್ರ ತೆರೆಯುವಂತೆ ಕಡತಕ್ಕೆ 600, ಫೋಲ್ಡರ್‌ಗೆ 700 ಅನುಮತಿ ಕೊಟ್ಟೆ. ಮೊದಲ ಲಾಗಿನ್ ಸರಾಗವಾಗಿ ಆಯಿತು. ಮಾರನೆಯ ದಿನ ಡೆಸ್ಕ್‌ಟಾಪ್ ಇಲ್ಲದ ಬರಿಯ ಕನ್ಸೋಲ್‌ನಿಂದ ಪ್ರಯತ್ನಿಸಿದಾಗ, ಏಜೆಂಟ್ ಕೆಲಸ ನಿರಾಕರಿಸಿತು ಎಂಬ ಸಂದೇಶ ಬಂತು. ಪಾಸ್‌ಫ್ರೇಸ್ ಕೇಳುವ ಪಿನ್‌ಎಂಟ್ರಿ ಎಲ್ಲಿ ತೆರೆದುಕೊಳ್ಳಬೇಕೆಂದು ಏಜೆಂಟ್‌ಗೆ ತಿಳಿದಿರಲಿಲ್ಲ. ಎಸ್‌ಎಸ್‌ಎಚ್ ತಾನು ಯಾವ ಟರ್ಮಿನಲ್‌ನಿಂದ ಕೇಳುತ್ತಿದ್ದೇನೆಂದು ಹೇಳುವುದಿಲ್ಲವಾದ್ದರಿಂದ, 'ಜಿಪಿಜಿ-ಕನೆಕ್ಟ್-ಏಜೆಂಟ್ ಅಪ್‌ಡೇಟ್‌ಸ್ಟಾರ್ಟಪ್‌ಟಿಟಿವೈ /ಬೈ' ಎಂಬುದನ್ನು ಬ್ಯಾಷ್‌ಆರ್‌ಸಿಯ ಕೊನೆಗೆ ಸೇರಿಸಿದರೆ ಸಾಕು.

ಪಾಸ್‌ವರ್ಡ್ ಬಾಗಿಲು ಮುಚ್ಚಿದ್ದು, ಮುಚ್ಚದಿದ್ದದ್ದು

ಈ ಕೆಲಸಕ್ಕೆ ಭಾನುವಾರ ಮಧ್ಯಾಹ್ನ ಆರಿಸಿಕೊಂಡು, ಅಣ್ಣನನ್ನು ಅಂಗಡಿಯಲ್ಲಿಯೇ ಕೂರಿಸಿದ್ದೆ. ಒಂದು ಕಿಟಕಿಯಲ್ಲಿ ತೆರೆದ ಲಾಗಿನ್ ಹಾಗೆಯೇ ಇಟ್ಟುಕೊಂಡು, ಸರ್ವರ್‌ನಲ್ಲಿ ಲಾಗಿನ್ ಸ್ವೀಕರಿಸುವ ಎಸ್‌ಎಸ್‌ಎಚ್‌ಡಿ ಸೇವೆಯ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಕಡತದಲ್ಲಿ 'ಪಾಸ್‌ವರ್ಡ್‌ಅಥೆಂಟಿಕೇಶನ್ ನೋ' ಎಂದು ಬರೆದು ಸೇವೆಯನ್ನು ಮರು ಆರಂಭಿಸಿದೆ. ಇನ್ನೊಂದು ಕಿಟಕಿಯಿಂದ, ಕೀಲಿ ಬಳಸಬೇಡವೆಂದು ಹೇಳಿ ಪರೀಕ್ಷಿಸಿದರೆ ಸರ್ವರ್ ಮೊದಲಿನಂತೆಯೇ ಪಾಸ್‌ವರ್ಡ್ ಕೇಳಿತು. ಅಂಗಡಿಯಿಂದ ಅಣ್ಣ, "ಏನಪ್ಪಾ, ಮುಚ್ತಾ ಇಲ್ವಾ ಅದು?" ಎಂದು ಕೇಳುತ್ತಿದ್ದರು.

ಕಾರಣ ಸರಳವಾಗಿತ್ತು. ಒಂದೇ ಆಯ್ಕೆ ಎರಡು ಕಡೆ ಬರೆದಿದ್ದರೆ ಎಸ್‌ಎಸ್‌ಎಚ್‌ಡಿ ಮೊದಲು ಕಂಡದ್ದನ್ನೇ ಹಿಡಿಯುತ್ತದೆ, ಆಮೇಲಿನದನ್ನು ಬಿಡುತ್ತದೆ. ಉಬುಂಟುವಿನಲ್ಲಿ ಮುಖ್ಯ ಕಡತದ ಆರಂಭದಲ್ಲಿಯೇ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರ್‌ನ ಕಡತಗಳನ್ನು ಸೇರಿಸಿಕೊಳ್ಳುವ ಸಾಲಿದೆ, ಅಲ್ಲಿ 50-ಕ್ಲೌಡ್-ಇನಿಟ್.ಕಾನ್ಫ್ ಎಂಬ ಕಡತದಲ್ಲಿ, ಇನ್‌ಸ್ಟಾಲ್ ಮಾಡುವಾಗ ನಾನೇ ಒಪ್ಪಿದ್ದ 'ಯೆಸ್' ಉಳಿದುಕೊಂಡಿತ್ತು. ಅದನ್ನು ತಿದ್ದಿ, ಪ್ರಶ್ನೆಯ ರೂಪದಲ್ಲಿ ಪಾಸ್‌ವರ್ಡ್ ಕೇಳಬಲ್ಲ ಕೀಬೋರ್ಡ್-ಇಂಟರಾಕ್ಟಿವ್ ವಿಧಾನವನ್ನೂ ಮುಚ್ಚಿ, 'ಎಸ್‌ಎಸ್‌ಎಚ್‌ಡಿ -ಟಿ' ಆದೇಶದಿಂದ (ಟಿ ದೊಡ್ಡಕ್ಷರವಾಗಿರಬೇಕು) ವಾಸ್ತವದಲ್ಲಿ ಜಾರಿಯಲ್ಲಿರುವ ಮೌಲ್ಯಗಳನ್ನು ಓದಿ ಖಚಿತಪಡಿಸಿಕೊಂಡೆ. ಕಡತದಲ್ಲಿ ಏನು ಬರೆದಿದ್ದೇವೆ ಎಂಬುದನ್ನು ನೋಡಿ ತೃಪ್ತರಾಗಿ ಎದ್ದ ಎಷ್ಟು ಮಂದಿಯ ಸರ್ವರ್‌ಗಳು ಹೀಗೆ ತೆರೆದೇ ಇರಬಹುದೆಂದು ಯೋಚಿಸಿದರೆ ಕಳವಳವಾಗುತ್ತದೆ. ಹೊರಗಿನಿಂದ ಬಾಗಿಲು ತಟ್ಟಿ ನೋಡದೆ ಈ ಹಂತವನ್ನು ಮುಗಿಯಿತೆನ್ನಬಾರದು.

ಪತ್ರದ ಕಡೆ

ಪತ್ರಕ್ಕೆ ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶ ಬಳಸುತ್ತೇನೆ. 2020ರಲ್ಲಿ ಬಂದ 78ನೆಯ ಆವೃತ್ತಿಯಿಂದ ಅದರಲ್ಲೇ ಓಪನ್‌ಪಿಜಿಪಿ ಇದೆ, ಆದರೆ ಅದು ಗ್ನೂಪಿಜಿಯ ಗೊಂಚಲನ್ನು ನೋಡದೆ ತನ್ನದೇ ಸಂಗ್ರಹವನ್ನು ಇಟ್ಟುಕೊಳ್ಳುತ್ತದೆ. ಖಾಸಗಿ ಕೀಲಿ ಎರಡು ಕಡೆ ಇರುವುದು ಬೇಡವೆನಿಸಿ, ಕಾನ್ಫಿಗ್ ಎಡಿಟರ್‌ನಲ್ಲಿ 'ಮೇಲ್.ಓಪನ್‌ಪಿಜಿಪಿ.ಅಲೌ_ಎಕ್ಸ್‌ಟರ್ನಲ್_ಜಿಎನ್‌ಯುಪಿಜಿ' ಎಂಬುದನ್ನು 'ಟ್ರೂ' ಮಾಡಿ, ಹೊರಗಿನ ಕೀಲಿಯ ಗುರುತನ್ನು 16 ಅಕ್ಷರಗಳಲ್ಲಿ ಕೊಟ್ಟೆ. ಸಾರ್ವಜನಿಕ ಕೀಲಿಗಳನ್ನು ಮಾತ್ರ ಥಂಡರ್‌ಬರ್ಡ್‌ಗೆ ಬೇರೆಯಾಗಿ ಆಮದು ಮಾಡಬೇಕು. ಹೀಗೆ ಮಾಡಿದ ಮೇಲೆ ಪತ್ರಕ್ಕೂ ಲಾಗಿನ್‌ಗೂ ಪಾಸ್‌ಫ್ರೇಸ್ ಕೇಳುವುದು ಒಂದೇ ಏಜೆಂಟ್. ನೆನಪಿಡಬೇಕಾದ ಪಾಸ್‌ಫ್ರೇಸ್ ಕೂಡ ಒಂದೇ.

ಲೆಕ್ಕಪರಿಶೋಧಕರ ಕಚೇರಿಯ ಸಹಾಯಕರು ಆಸಕ್ತಿಯಿಂದ ತಮ್ಮ ಕೀಲಿಯನ್ನು ಮಾಡಿಕೊಂಡಿದ್ದರು. ಬೆರಳಚ್ಚು ತಾಳೆ ನೋಡಲು ನಾನೇ ಸರಸ್ವತಿಪುರಂನ ಅವರ ಕಚೇರಿಗೆ ಹೋದೆ. ನಾಲ್ಕು ಅಕ್ಷರಗಳ ಹತ್ತು ಗುಂಪುಗಳನ್ನು ನಾನು ಓದುವುದು, ಅವರು ಪರದೆಯ ಮೇಲೆ ನೋಡುವುದು. ಎರಡನೆಯ ಗುಂಪಿನಲ್ಲಿಯೇ ತಡೆಯಿತು: ನಾನು 'ಎ' ಎಂದು ನಿಂತರೆ ಅವರಿಗೆ 'ಎಂಟು' ಎಂದು ಹೇಳಹೊರಟಂತೆ ಕೇಳುತ್ತಿತ್ತು, ಮತ್ತು ಬಿ, ಸಿ, ಡಿ, ಇ ಎಲ್ಲವೂ ಕಿವಿಗೆ ಒಂದೇ ರಾಗ. "ಸರ್, ಬಾಳೆಯ ಬಿ, ಡಬ್ಬದ ಡಿ ಅಂತ ಹೇಳಿ, ಅಂಕಿ ಮಾತ್ರ ಕನ್ನಡದಲ್ಲಿರಲಿ" ಎಂದು ಅವರೇ ದಾರಿ ತೋರಿಸಿದರು. ಮತ್ತೆ ಮೊದಲಿನಿಂದ ಓದಿದೆ. ಐದು ನಿಮಿಷ ಹಿಡಿಯಿತು. ಆ ಐದು ನಿಮಿಷವನ್ನು ಉಳಿಸಲು ಹೋದರೆ, ನಡುವೆ ಯಾರೋ ಕೊಟ್ಟ ಕೀಲಿಗೆ ರೈತರ ಲೆಕ್ಕವನ್ನು ಭದ್ರವಾಗಿ ಕಟ್ಟಿ ಕಳುಹಿಸುವ ಅಪಾಯ ಉಳಿದೇ ಇರುತ್ತದೆ.

ಅವರಿಗೆ ಕೊಟ್ಟ ಸಾರ್ವಜನಿಕ ಕೀಲಿಯಿಂದ ಲಾಗಿನ್ ಉಪಕೀಲಿಯನ್ನು 'ಎಕ್ಸ್‌ಪೋರ್ಟ್-ಫಿಲ್ಟರ್' ಆಯ್ಕೆಯ ಮೂಲಕ ಬಿಟ್ಟಿದ್ದೆ. ಸಾರ್ವಜನಿಕ ಎಂದ ಮೇಲೆ ಬಚ್ಚಿಡುವುದೇಕೆ ಎಂದು ಕೇಳಬಹುದು. ಸಹಿ ಹಾಕುವ ಮೊದಲೇ 'ಈ ಸಾರ್ವಜನಿಕ ಕೀಲಿಯನ್ನು ಒಪ್ಪುತ್ತೀಯಾ' ಎಂದು ಸರ್ವರ್ ಅನ್ನು ವಿಚಾರಿಸುವ ಅವಕಾಶ ಎಸ್‌ಎಸ್‌ಎಚ್‌ನಲ್ಲಿದೆ. ಆದ್ದರಿಂದ ಆ ಉಪಕೀಲಿ ಇ-ಮೇಲ್ ವಿಳಾಸದ ಜೊತೆ ಊರೆಲ್ಲ ಹರಡಿದರೆ, ಯಾವ ಯಂತ್ರ ಯಾರದ್ದೆಂದು ಖಾಸಗಿ ಕೀಲಿ ಇಲ್ಲದವರೂ ಪರೀಕ್ಷಿಸಿ ತಿಳಿಯಬಹುದು. ಒಳಗೆ ಬರಲಾರರು ನಿಜ, ಆದರೂ ವಿಳಾಸ ಹೇಳಿಕೊಡುವ ಅಗತ್ಯವಿಲ್ಲ.

ಅವಧಿ ಮುಗಿದ ಕೀಲಿಯಿಂದ ಲಾಗಿನ್

ಓಪನ್‌ಪಿಜಿಪಿಯ ಮೂಲವಾದ ಪಿಜಿಪಿಯನ್ನು 1991ರಲ್ಲಿ ಫಿಲ್ ಜಿಮ್ಮರ್‌ಮನ್ ಹೊರತಂದಿದ್ದು ಪತ್ರ ಮತ್ತು ಕಡತಗಳಿಗಾಗಿ. ಎಸ್‌ಎಸ್‌ಎಚ್ ಅನ್ನು 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ತಾತು ಯ್ಲೋನೆನ್ ಬರೆದದ್ದು ಜಾಲದಲ್ಲಿ ಪಾಸ್‌ವರ್ಡ್ ಕದಿಯುವುದನ್ನು ತಡೆಯುವುದಕ್ಕಾಗಿ. ಮೊದಲನೆಯದರಲ್ಲಿ ಕೀಲಿಗೆ ಹೆಸರು, ಅವಧಿ, ರದ್ದತಿ, ಇತರರ ಸಹಿ ಎಲ್ಲವೂ ಅಂಟಿಕೊಂಡಿರುತ್ತವೆ. ಎರಡನೆಯದರ ಆಥರೈಸ್ಡ್_ಕೀಸ್ ಕಡತಕ್ಕೆ ತಲುಪುವುದು ಬರಿಯ ಸಂಖ್ಯೆ. ನಾನು ಕೊಟ್ಟ ಒಂದು ವರ್ಷದ ಅವಧಿ ಲಾಗಿನ್‌ಗೂ ಅನ್ವಯಿಸುತ್ತದೆಯೇ ಎಂದು ನೋಡಲು, ಪರೀಕ್ಷೆಗೆಂದೇ ಮಾಡಿದ ಬೇರೊಂದು ಗೊಂಚಲಿನಲ್ಲಿ ಒಂದೇ ದಿನದ ಅವಧಿಯ ಉಪಕೀಲಿ ಮಾಡಿ ಸರ್ವರ್‌ಗೆ ಸೇರಿಸಿದೆ. ಎರಡು ದಿನ ಬಿಟ್ಟು, ಜಿಪಿಜಿ ಅದನ್ನು ಅವಧಿ ಮುಗಿದದ್ದೆಂದು ತೋರಿಸುತ್ತಿರುವಾಗಲೇ, ಅದರಿಂದ ಲಾಗಿನ್ ಆಯಿತು. ಅದೇ ಉಪಕೀಲಿಯನ್ನು ರದ್ದುಮಾಡಿದೆ. ಆಗಲೂ ಲಾಗಿನ್ ಆಯಿತು. ಏಜೆಂಟ್‌ಗೆ ಗೊತ್ತಿರುವುದು ಕೀಗ್ರಿಪ್, ಸರ್ವರ್‌ಗೆ ಗೊತ್ತಿರುವುದು 68 ಅಕ್ಷರ, ರದ್ದತಿ ಬರೆದಿರುವುದು ಇವೆರಡೂ ಓದದ ಕಾಗದದಲ್ಲಿ.

ಇ-ಮೇಲ್ ಕೀಲಿಯನ್ನು ರದ್ದುಮಾಡಿದೆನೆಂದು ನೆಮ್ಮದಿಯಿಂದ ಮಲಗಿದವರ ಸರ್ವರ್‌ಗೆ ಕಳ್ಳ ಅದೇ ಗೊಂಚಲಿನಿಂದ ನಡೆದುಬರಬಹುದೆಂಬುದು ಈ ಇಡೀ ಹೊಂದಾಣಿಕೆಯ ಅತಿ ದೊಡ್ಡ ಅಪಾಯವೆಂದು ನಾನು ತಿಳಿದಿದ್ದೇನೆ. ಅವಧಿಯ ಮಟ್ಟಿಗೆ ಪರಿಹಾರವಿದೆ: 2018ರ ಓಪನ್‌ಎಸ್‌ಎಸ್‌ಎಚ್ 7.7ರಿಂದ ಆಥರೈಸ್ಡ್_ಕೀಸ್ ಸಾಲಿನ ಆರಂಭದಲ್ಲಿ 'ಎಕ್ಸ್‌ಪೈರಿ-ಟೈಮ್' ಎಂದು ದಿನಾಂಕ ಬರೆಯಬಹುದು. ಉಪಕೀಲಿ ಮುಗಿಯುವ ದಿನವನ್ನೇ ಅಲ್ಲಿಯೂ ಬರೆದಿದ್ದೇನೆ. ರದ್ದತಿಗೆ ಅಂಥ ಸಾಲಿಲ್ಲ, ಸರ್ವರ್‌ನಿಂದ ಕೈಯಾರೆ ತೆಗೆಯಬೇಕು.

ಆದ್ದರಿಂದ ಲ್ಯಾಪ್‌ಟಾಪ್ ಕಳೆದರೆ ಮಾಡಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದು, ಅಂಗಡಿಯ ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿ, ಅಣ್ಣನ ಕೈಯಲ್ಲೇ ಒಮ್ಮೆ ನಡೆಸಿ ನೋಡಿದೆವು. ಅವರು ಸರ್ವರ್‌ನ ಕೀಬೋರ್ಡ್ ಮುಂದೆ ಕುಳಿತು ಹಾಳೆ ನೋಡಿಕೊಂಡು ನನ್ನ ಸಾಲನ್ನು ಅಳಿಸಿದರು. ಮೈಸೂರಿನಿಂದ ಹೊಸದಾಗಿ ಲಾಗಿನ್‌ಗೆ ಪ್ರಯತ್ನಿಸಿದೆ, ಸರ್ವರ್ ನಿರಾಕರಿಸಿತು. ಆದರೆ ಮೊದಲೇ ತೆರೆದಿದ್ದ ಕಿಟಕಿಯಲ್ಲಿ ಎಲ್ಎಸ್ ಎಂದು ಒತ್ತಿದಾಗ ಕಡತಗಳ ಪಟ್ಟಿ ಎಂದಿನಂತೆ ಬಂತು. ಕೀಲಿಯನ್ನು ಸರ್ವರ್ ನೋಡುವುದು ಬಾಗಿಲಲ್ಲಿ ಮಾತ್ರ, ಒಳಗಿರುವವರನ್ನು ಅದು ಮತ್ತೆ ಕೇಳುವುದಿಲ್ಲ. "ಹಂಗಾದ್ರೆ ಒಳಗಿರೋನ್ನ ಆಚೆ ಹಾಕೋದೂ ಬರೀಬೇಕಲ್ಲಪ್ಪಾ" ಎಂದರು ಅಣ್ಣ. ಹಾಳೆಯ ಎರಡನೆಯ ಸಾಲಾಗಿ 'ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್' ಮತ್ತು ನನ್ನ ಬಳಕೆದಾರ ಹೆಸರನ್ನು ಅವರೇ ತಮ್ಮ ಕೈಬರಹದಲ್ಲಿ ಸೇರಿಸಿ, ಒತ್ತಿದರು. ಮೈಸೂರಿನ ಕಿಟಕಿ ಮುಚ್ಚಿಕೊಂಡಿತು. ಆಮೇಲೆ ಅಳಿಸಿದ್ದ ಸಾಲನ್ನು ಪೆನ್‌ಡ್ರೈವ್‌ನಲ್ಲಿದ್ದ ಪ್ರತಿಯಿಂದ ಮತ್ತೆ ಸೇರಿಸಿದೆವು.